ವಿಮಾನದಲ್ಲಿ ಕೆಲಸವಿಲ್ಲದ ಬೂಸ್ಟರ್

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಐದಾರು ವರ್ಷದ ಮಕ್ಕಳನ್ನು ಕರೆದುಕೊಂಡು ಹೊರಟವರ ಕೈಯಲ್ಲಿ ಒಂದು ವಿಚಿತ್ರ ಸಾಮಾನು ಆಗಾಗ ಕಾಣಸಿಗುತ್ತದೆ. ಬೆನ್ನಿಲ್ಲ, ಕಾಲಿಲ್ಲ, ನೋಡಲು ಮೆತ್ತೆ ಹೊದಿಸಿದ ದಪ್ಪ ಮಣೆಯ ಹಾಗೆ. ಅದೇ ಬೂಸ್ಟರ್ ಸೀಟ್. ಎಕ್ಸ್-ರೇ ಯಂತ್ರ ದಾಟಿ, ವಿಮಾನ ಹತ್ತಿ, ತಲೆಯ ಮೇಲಿನ ಬಿನ್ನಿನಲ್ಲೋ ಮುಂದಿನ ಸೀಟಿನ ಅಡಿಯಲ್ಲೋ ಸೇರಿಕೊಳ್ಳುತ್ತದೆ. ಅದರ ಮೇಲೆ ಕೂರಬೇಕಾದ ಮಗು ಮಾತ್ರ ಬರೀ ಸೀಟಿನಲ್ಲಿ ಕೂರುತ್ತದೆ. ವಿಮಾನ ನೆಲದ ಮೇಲೆ ಓಡುವಾಗ, ಏರುವಾಗ, ಇಳಿಯುವಾಗ ಬೂಸ್ಟರ್ ಬಳಸಕೂಡದೆಂದು ಅಲ್ಲಿನ ವಿಮಾನಯಾನ ಆಡಳಿತವಾದ ಎಫ್‌ಎಎ 1996ರಲ್ಲೇ ನಿಯಮ ಮಾಡಿದೆ. ಕಾರಿನಲ್ಲಿ ಕಡ್ಡಾಯ, ವಿಮಾನದಲ್ಲಿ ನಿಷಿದ್ಧ. ತಲೆಬುಡವಿಲ್ಲದ ನಿಯಮ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಇದರ ಹಿಂದೆ ಒಳ್ಳೆಯ ಭೌತವಿಜ್ಞಾನವಿದೆ.

ಮಗು ಕಿಟಕಿಯಾಚೆ ನೋಡಲಿ ಎಂದು ಬೂಸ್ಟರ್ ಹುಟ್ಟಿದ್ದಲ್ಲ. ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಹ್ಲಿನ್ 1959ರಲ್ಲಿ ಕಾರಿಗೆ ತಂದ ಸೀಟ್ ಬೆಲ್ಟು ದೇಹವನ್ನು ಎರಡು ಗಟ್ಟಿ ಜಾಗಗಳಲ್ಲಿ ಹಿಡಿಯುತ್ತದೆ. ಅಡ್ಡ ಪಟ್ಟಿ ಸೊಂಟದ ಎಲುಬಿನ ಮೇಲೆ, ಓರೆ ಪಟ್ಟಿ ಹೆಗಲು ಮತ್ತು ಎದೆಗೂಡಿನ ಮೇಲೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅನ್ನಿ. 20 ಕಿಲೋ ತೂಕದ ಮಗುವನ್ನು ತಡೆದು ನಿಲ್ಲಿಸಲು ಬೆಲ್ಟು ಸುಮಾರು 280 ಕಿಲೋ ಭಾರದಷ್ಟು ಬಲ ಹಾಕಬೇಕಾಗುತ್ತದೆ. ಅಷ್ಟು ಬಲವನ್ನು ಎಲುಬು ತಡೆದೀತು, ಕರುಳು ತಡೆಯದು.

ತೊಡಕು ಇರುವುದು ಇಲ್ಲೇ. ದೊಡ್ಡವರ ಸೊಂಟದ ಎಲುಬಿಗೆ ಮುಂಭಾಗದಲ್ಲಿ ಬೆಲ್ಟು ಸಿಕ್ಕಿಕೊಳ್ಳುವಂಥ ಏಣು ಇರುತ್ತದೆ. ಚಿಕ್ಕ ಮಕ್ಕಳಲ್ಲಿ ಅದಿನ್ನೂ ಸರಿಯಾಗಿ ಬೆಳೆದಿರುವುದಿಲ್ಲ. ಸಾಲದ್ದಕ್ಕೆ ಕಾರಿನ ಹಿಂದಿನ ಸೀಟು ಮಗುವಿನ ತೊಡೆಗಿಂತ ಉದ್ದ. ಬೆನ್ನು ಒರಗಿಸಿ ಕೂತರೆ ಮಂಡಿ ಮಡಚಲಾಗದು. ಹಾಗಾಗಿ ಮಗು ಜಾರಿಕೊಂಡು ಮುಂದೆ ಬರುತ್ತದೆ, ಬೆಲ್ಟು ಹೊಟ್ಟೆಗೇರುತ್ತದೆ, ಓರೆ ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆ. ಉಜ್ಜಿದಾಗ ಮಗು ಸುಮ್ಮನಿರುತ್ತದೆಯೇ? ಪಟ್ಟಿಯನ್ನು ಕಂಕುಳಡಿಗೆ ತಳ್ಳಿಬಿಡುತ್ತದೆ. ಈ ಸ್ಥಿತಿಯಲ್ಲಿ ಅಪಘಾತವಾದರೆ ದೇಹ ಬೆಲ್ಟಿನ ಅಡಿಯಿಂದ ನುಸುಳುತ್ತದೆ. ಕರುಳು ಹರಿಯುವುದು, ಬೆನ್ನಿನ ಕೆಳಭಾಗದ ಮೂಳೆ ಮುರಿಯುವುದು ವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ಜೋಡಿ ಗಾಯ. ಬೂಸ್ಟರ್ ಮಗುವನ್ನು ಒಂದಷ್ಟು ಮೇಲೆತ್ತಿ, ಮಂಡಿ ಮಡಚಲು ಅವಕಾಶ ಕೊಡುತ್ತದೆ. ಪಕ್ಕದ ಕೊಂಬುಗಳ ಕೆಳಗೆ ಹಾಯುವ ಅಡ್ಡ ಪಟ್ಟಿ ತೊಡೆಯ ಬುಡದಲ್ಲೇ ನಿಲ್ಲುತ್ತದೆ. ಮಗುವನ್ನು ಹಿಡಿಯುವುದು ಬೂಸ್ಟರ್ ಅಲ್ಲ, ಬೆಲ್ಟು. ಬೆಲ್ಟನ್ನು ಅದರ ಜಾಗದಲ್ಲಿ ಕೂರಿಸುವುದಷ್ಟೇ ಬೂಸ್ಟರಿನ ಕೆಲಸ.

ಈಗ ವಿಮಾನಕ್ಕೆ ಬನ್ನಿ. ಅಲ್ಲಿ ಪ್ರಯಾಣಿಕರಿಗೆ ಇರುವುದು ಸಾಮಾನ್ಯವಾಗಿ ಸೊಂಟದ ಪಟ್ಟಿ ಮಾತ್ರ. ಹೆಗಲ ಪಟ್ಟಿಯೇ ಇಲ್ಲದಿದ್ದರೆ ಬೂಸ್ಟರ್ ಯಾವುದನ್ನು ಸರಿಯಾಗಿ ಕೂರಿಸಬೇಕು? ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ: ವಿಮಾನದ ಎಷ್ಟೋ ಸೀಟುಗಳ ಬೆನ್ನು ಮುಂದಕ್ಕೂ ಮಡಚಿಕೊಳ್ಳುತ್ತದೆ. 1994ರಲ್ಲಿ ಒಕ್ಲಹೋಮ ನಗರದ ಎಫ್‌ಎಎ ಪ್ರಯೋಗಾಲಯ ಮಗುವಿನ ಗಾತ್ರದ ಬೊಂಬೆಗಳನ್ನು ಕೂರಿಸಿ ಪರೀಕ್ಷೆ ಮಾಡಿತ್ತು. ಬೆನ್ನಿಲ್ಲದ ಬೂಸ್ಟರಿನಲ್ಲಿದ್ದ ಬೊಂಬೆಯ ಮೇಲೆ ಸೀಟಿನ ಬೆನ್ನು ಹಿಂದಿನಿಂದ ಮಡಚಿ ಬಿದ್ದು, ಹೊಟ್ಟೆ ನಡುವೆ ಸಿಕ್ಕಿ ಅದುಮಿಹೋಗುವ ಅಪಾಯ ಕಂಡಿತು. ನಿಷೇಧ ಬಂದದ್ದು ಈ ಹಿನ್ನೆಲೆಯಲ್ಲಿ. ತನ್ನದೇ ಪಟ್ಟಿಗಳಿರುವ, ವಿಮಾನದಲ್ಲಿ ಬಳಸಬಹುದೆಂದು ಕೆಂಪಕ್ಷರದ ಚೀಟಿಯಿರುವ ಕಾರ್ ಸೀಟಿಗೆ ಈ ತಡೆಯಿಲ್ಲ. ಬೂಸ್ಟರ್ ವಯಸ್ಸಿನ ಮಗುವಿಗೆ ವಿಮಾನದ ಪಟ್ಟಿಯನ್ನೇ ತೊಡೆಯ ಬುಡಕ್ಕೆ ಬಿಗಿಯಾಗಿ ಕಟ್ಟಿದರಾಯಿತು.

ಕೆಲಸಕ್ಕೆ ಬಾರದ ಮೇಲೆ ಜೊತೆಗೇಕೆ ಹೊರಬೇಕು? ಇಳಿದ ಕೂಡಲೇ ಕಾರು ಹತ್ತಬೇಕಲ್ಲ! ಚೆಕ್-ಇನ್ ಮಾಡಿದ ಸಾಮಾನು ತಡವಾಗಿ ಬರಬಹುದು, ಬೇರೆ ಊರಿಗೇ ಹೋಗಬಹುದು. ಎಸೆದಾಡುವಾಗ ಪ್ಲಾಸ್ಟಿಕ್ ಬಿರುಕು ಬಿಟ್ಟರೂ ಮೇಲಿನ ಬಟ್ಟೆ ಅದನ್ನು ಮುಚ್ಚಿಬಿಡುತ್ತದೆ. ಬೆನ್ನಿಲ್ಲದ ಬೂಸ್ಟರ್ ಹಗುರ, ಕೈಯಲ್ಲೇ ಇರಲಿ ಎನ್ನುವುದು ನನ್ನ ಪಕ್ಷ. ಅದನ್ನು ಕೈಚೀಲದ ಲೆಕ್ಕಕ್ಕೆ ಸೇರಿಸುತ್ತಾರೋ ಇಲ್ಲವೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಮೊದಲೇ ಕೇಳಿಕೊಳ್ಳಿ. ಗಾಳಿ ತುಂಬುವ ಬೂಸ್ಟರುಗಳೂ ಇವೆ. ಉತ್ತರ ಐರ್ಲೆಂಡಿನ ಬಬಲ್‌ಬಮ್ ಸುಮಾರು ಅರ್ಧ ಕಿಲೋ ತೂಗುತ್ತದೆ, ಗಾಳಿ ಬಿಟ್ಟರೆ ಸುತ್ತಿ ಚೀಲಕ್ಕೆ ಹಾಕಬಹುದು. ಮೈಫೋಲ್ಡ್ ಎಂಬುದರ ಉಪಾಯ ಇನ್ನೂ ಜಾಣತನದ್ದು. ಅದು ಮಗುವನ್ನು ಮೇಲೆತ್ತುವ ಗೋಜಿಗೇ ಹೋಗದೆ ಬೆಲ್ಟನ್ನೇ ಕೆಳಗೆಳೆದು ಹಿಡಿಯುತ್ತದೆ.

ಬೇಸಿಗೆ ರಜೆಗೆ ಊರಿಗೆ ಬರುವ ಅನಿವಾಸಿ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಬೂಸ್ಟರ್ ಇಲ್ಲದೆ ಕಾರನ್ನೇ ಹೊರತೆಗೆಯದವರು ದೇವನಹಳ್ಳಿಯಲ್ಲಿ ಇಳಿದೊಡನೆ ಅದನ್ನು ಡಿಕ್ಕಿಗೆ ಹಾಕಿ ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸುತ್ತಾರೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇರಬೇಕೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೂ ಹೇಳುತ್ತದೆ, ತಪ್ಪಿದರೆ ಸಾವಿರ ರೂಪಾಯಿ ದಂಡ. ನಮ್ಮ ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಎಷ್ಟೋ ಸಲ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಹೊರಡುವ ಮೊದಲು ಅದನ್ನು ಹೊರಗೆ ತೆಗೆಸಿ, ಹೆಗಲ ಪಟ್ಟಿ ಇರುವ ಜಾಗದಲ್ಲೇ ಬೂಸ್ಟರ್ ಇಡಿ. ನಡುವಿನ ಸೀಟಿಗೆ ಸೊಂಟದ ಪಟ್ಟಿ ಮಾತ್ರ ಇದ್ದರೆ ಅಲ್ಲಿ ಬೂಸ್ಟರ್ ಬೇಡ.