ಡಾರ್ಜಿಲಿಂಗ್ ಬೆಟ್ಟದಿಂದ ಇಳಿದು ಬಂದ ಪಿಯಾನೊ

1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲ ಬಾರಿಗೆ ಪ್ರಸಾರವಾದ 'ಮಿಲೇ ಸುರ್ ಮೇರಾ ತುಮ್ಹಾರಾ' ಗೀತೆಯನ್ನು ಕೇಳದ ಕನ್ನಡಿಗರು ವಿರಳ. ಆ ಗೀತೆ ಆರಂಭವಾಗುವುದೇ ಗದಗ ಸೀಮೆಯ ಹೆಮ್ಮೆಯ ಪಂಡಿತ್ ಭೀಮಸೇನ ಜೋಶಿ ಅವರ ಕಂಠದಿಂದ. ಆದರೆ ಅದನ್ನು ರೂಪಿಸಿದ ಸಂಗೀತಗಾರರ ಪೈಕಿ ಹಿಮಾಲಯದ ಪುಟ್ಟ ಊರೊಂದರಿಂದ ಬಂದ ಜಾಝ್ ಪಿಯಾನೊ ವಾದಕರೊಬ್ಬರಿದ್ದರು ಎಂಬುದು ಬಹುತೇಕರಿಗೆ ತಿಳಿದಿಲ್ಲ. ಅವರೇ ಲೂಯಿಸ್ ಬ್ಯಾಂಕ್ಸ್.

1941ರಲ್ಲಿ ಡಾರ್ಜಿಲಿಂಗ್‌ನ ನೇಪಾಳಿ ಕುಟುಂಬದಲ್ಲಿ ಜನಿಸಿದ ಅವರ ಮೂಲ ಹೆಸರು ದಂಬರ್ ಬಹಾದ್ದೂರ್ ಬುಢಾಪೃಥಿ. ಸಂಗೀತ ಮನೆತನದ ಬಳುವಳಿ. ನೇಪಾಳದ ಹಿಂದಿನ ರಾಷ್ಟ್ರಗೀತೆಗೆ 1899ರಲ್ಲಿ ಧಾಟಿ ಹಾಕಿದವರು ಅವರ ಅಜ್ಜ. 2007ರಲ್ಲಿ ನೇಪಾಳವು ಹೊಸ ರಾಷ್ಟ್ರಗೀತೆಯನ್ನು ಅಂಗೀಕರಿಸಿತು. ತಂದೆ ಪುಷ್ಕರ್ ಬಹಾದ್ದೂರ್ ಕಹಳೆ ವಾದಕ. ಪಾಶ್ಚಾತ್ಯ ವಾದ್ಯವೃಂದದಲ್ಲಿ ನುಡಿಸುವ ಸಲುವಾಗಿ ಅವರು ಜಾರ್ಜ್ ಬ್ಯಾಂಕ್ಸ್ ಎಂಬ ಹೆಸರನ್ನು ಇರಿಸಿಕೊಂಡರು. ಅಮೆರಿಕದ ಕಹಳೆ ವಾದಕ ಲೂಯಿಸ್ ಆರ್ಮ್‌ಸ್ಟ್ರಾಂಗ್ ಅವರ ಮೇಲಿನ ಅಭಿಮಾನದಿಂದ ಮಗನೂ ಲೂಯಿಸ್ ಆದ.

ಬೆಟ್ಟಕ್ಕೆ ಜಾಝ್ ಹತ್ತಿದ್ದು ಹೇಗೆ?

ಸುಮಾರು 2,000 ಮೀಟರ್ ಎತ್ತರದಲ್ಲಿರುವ ಡಾರ್ಜಿಲಿಂಗ್ 1835ರಲ್ಲಿ ಸಿಕ್ಕಿಂ ಅರಸನಿಂದ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂತು. 1881ರಲ್ಲಿ ಪುಟಾಣಿ ರೈಲು ಊರನ್ನು ತಲುಪಿದ ಮೇಲೆ ಬೇಸಿಗೆಯಲ್ಲಿ ಕಲ್ಕತ್ತೆಯ ಅಧಿಕಾರಿಗಳು, ಚಹಾ ತೋಟಗಳ ಮಾಲೀಕರು ಇಲ್ಲಿ ನೆರೆಯುವುದು ಸುಲಭವಾಯಿತು. ಅವರೊಡನೆ ಕ್ಲಬ್ಬುಗಳು, ಮಿಷನರಿ ಶಾಲೆಗಳು ಹಾಗೂ ನೃತ್ಯಕೂಟಗಳೂ ಬಂದವು. ಕುಣಿಯುವವರಿಗೆ ವಾದ್ಯವೃಂದ ಬೇಕಿತ್ತು. ಆ ಅಗತ್ಯವನ್ನು ಪೂರೈಸಿದವರಲ್ಲಿ ಬೆಟ್ಟದ ಮಕ್ಕಳೂ ಇದ್ದರು. ಹೀಗೆ ದೊರೆಗಳ ಮನರಂಜನೆಗೆಂದು ಬಂದ ಸಂಗೀತ ಸ್ಥಳೀಯರ ಅನ್ನದ ದಾರಿಯಾಯಿತು.

ಬಾಲಕ ಲೂಯಿಸ್ ಮೊದಲು ಕಲಿತದ್ದು ಗಿಟಾರ್ ಮತ್ತು ಕಹಳೆ. ಹದಿಮೂರರ ಸುಮಾರಿಗೆ ತಂದೆಯ ಬಳಿಯೇ ಪಿಯಾನೊ ಅಭ್ಯಾಸ ಆರಂಭವಾಯಿತು.

ಮಂಜಿನೂರಿನಲ್ಲಿ ಪಿಯಾನೊ ಉಳಿಸಿಕೊಳ್ಳುವುದೇ ಒಂದು ಸಾಹಸ. 88 ಮನೆಗಳ ಈ ವಾದ್ಯದೊಳಗೆ ಸುಮಾರು 230 ತಂತಿಗಳಿದ್ದು, ಅವುಗಳ ಒಟ್ಟು ಸೆಳೆತ ಹದಿನೈದು ಟನ್ನುಗಳನ್ನೂ ಮೀರುತ್ತದೆ. ತಂತಿಗಳ ನಾದವನ್ನು ಹಿಗ್ಗಿಸುವುದು ತೆಳುವಾದ ಮರದ ಹಲಗೆ. ಮಳೆಗಾಲದ ತೇವಕ್ಕೆ ಆ ಹಲಗೆ ಉಬ್ಬಿ ಶ್ರುತಿ ಏರುತ್ತದೆ. ಒಣ ಹವೆಯಲ್ಲಿ ಕುಗ್ಗಿ ಶ್ರುತಿ ಇಳಿಯುತ್ತದೆ. ತೇವಾಂಶ ಹೆಚ್ಚಿದರೆ ಮನೆಗಳು ಅಂಟಿಕೊಳ್ಳುತ್ತವೆ, ತಂತಿಗಳು ತುಕ್ಕು ಹಿಡಿಯುತ್ತವೆ. ವರ್ಷಕ್ಕೆ 2,000 ಮಿ.ಮೀ.ಗೂ ಅಧಿಕ ಮಳೆ ಬೀಳುವ ಊರಿನಲ್ಲಿ ಪಿಯಾನೊ ವಾದಕನ ಕಿವಿ ಸದಾ ಎಚ್ಚರವಾಗಿರಲೇಬೇಕು.

ಆದರೆ ನಿಜವಾದ ಸಮಸ್ಯೆ ಹವಾಮಾನದ್ದಲ್ಲ, ಶ್ರೋತೃಗಳದ್ದು. ಪ್ರವಾಸಿಗರ ಋತು ಮುಗಿದೊಡನೆ ಬೆಟ್ಟದ ಊರು ಮೌನಕ್ಕೆ ಜಾರುತ್ತದೆ. ವರ್ಷದ ಕೆಲವು ತಿಂಗಳ ದುಡಿಮೆಯಿಂದ ಸಂಗೀತಗಾರನ ಸಂಸಾರ ಸಾಗದು. ಊರು ಕಲಿಸಬಲ್ಲದು, ಸಾಕಲಾರದು. ವಿದ್ಯಾಭ್ಯಾಸದ ನಂತರ ಲೂಯಿಸ್ ಕಠ್ಮಂಡುವಿಗೆ ತೆರಳಿ ಹೋಟೆಲಿನಲ್ಲಿ ನುಡಿಸಿದರು. ಅಲ್ಲಿಂದ ಕಲ್ಕತ್ತೆ.

ಪಾರ್ಕ್ ಸ್ಟ್ರೀಟ್‌ನ 'ಬ್ಲೂ ಫಾಕ್ಸ್' ರೆಸ್ಟೋರೆಂಟಿನಲ್ಲಿ ಗಾಯಕಿ ಪ್ಯಾಮ್ ಕ್ರೇನ್, ಸ್ಯಾಕ್ಸೊಫೋನ್ ವಾದಕ ಬ್ರಾಜ್ ಗೊನ್ಸಾಲ್ವಿಸ್ ಅವರೊಡನೆ ಬ್ಯಾಂಕ್ಸ್ ನುಡಿಸುತ್ತಿದ್ದ ದಿನಗಳು ಭಾರತೀಯ ಜಾಝ್ ಚರಿತ್ರೆಯ ಮುಖ್ಯ ಅಧ್ಯಾಯ. ಇಲ್ಲಿಯೇ ಅವರ ವಾದನ ರಾಹುಲ್ ದೇವ್ ಬರ್ಮನ್ ಅವರ ಗಮನ ಸೆಳೆಯಿತು. 1977ರ 'ಮುಕ್ತಿ' ಹಿಂದಿ ಚಿತ್ರದಲ್ಲಿ ಕೇಳಿಬರುವ ಪಿಯಾನೊ ಬ್ಯಾಂಕ್ಸ್ ಅವರದು. ಆದರೆ ಎಪ್ಪತ್ತರ ದಶಕದಲ್ಲಿ ಕಲ್ಕತ್ತೆಯ ರಾತ್ರಿಗಳೂ ಕಳೆಗುಂದಿದವು. ರಾಜಕೀಯ ಅಶಾಂತಿ, ತೆರಿಗೆಯ ಹೊರೆಗಳಿಂದ ರೆಸ್ಟೋರೆಂಟುಗಳು ವಾದ್ಯವೃಂದಗಳನ್ನು ಕೈಬಿಡತೊಡಗಿದವು. ಬ್ಯಾಂಕ್ಸ್ ಮುಂಬಯಿ ಸೇರಿದರು. ಅಲ್ಲಿ ಸಿನಿಮಾ ಧ್ವನಿಮುದ್ರಣ ಮತ್ತು ಜಾಹೀರಾತು ಗೀತೆಗಳು ಹೊಟ್ಟೆ ಹೊರೆದವು; ಜಾಝ್ ಮನಸ್ಸನ್ನು ಕಾಯಿತು.

ಕಲ್ಪನಾಸ್ವರಕ್ಕೆ ಹತ್ತಿರದ ನಂಟು

ಜಾಝ್ ನಮ್ಮವರಿಗೆ ದೂರದ್ದೆಂದು ತೋರಬಹುದು. ವಾಸ್ತವದಲ್ಲಿ ಅದರ ತಿರುಳು ಮನೋಧರ್ಮ. ಮೊದಲು ಎಲ್ಲರೂ ಒಂದು ಧಾಟಿಯನ್ನು ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರೂ ಅದರ ಸ್ವರಗುಚ್ಛಗಳ ಚೌಕಟ್ಟಿನೊಳಗೆ ಸ್ಥಳದಲ್ಲೇ ಹೊಸ ಸಂಚಾರಗಳನ್ನು ಹೆಣೆಯುತ್ತಾರೆ. ಕೊನೆಗೆ ಮತ್ತೆ ಧಾಟಿಗೆ ಮರಳುತ್ತಾರೆ. ಕಲ್ಪನಾಸ್ವರ ಹಾಡಿ ಎಡುಪಿಗೆ ಬಂದು ಸೇರುವ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೇನಲ್ಲ. ವ್ಯತ್ಯಾಸವೊಂದಿದೆ. ಪಿಯಾನೊದಲ್ಲಿ ಸ್ವರಸ್ಥಾನಗಳು ಸ್ಥಿರ; ವೀಣೆಯಂತೆ ತಂತಿಯನ್ನು ಎಳೆದು ಗಮಕ ನುಡಿಸಲಾಗದು.

ಈ ಮಿತಿಯನ್ನು ಅರಿತೇ ಬ್ಯಾಂಕ್ಸ್ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ 'ಸಂಗಮ್' ತಂಡದಲ್ಲಿ ಜೊತೆಗೂಡಿದರು. ಗಮಕ ಕಂಠಕ್ಕೆ, ಸ್ವರಗುಚ್ಛ ಪಿಯಾನೊಗೆ ಎಂಬ ಹಂಚಿಕೆ ಅಲ್ಲಿ ಸಾಧ್ಯವಾಯಿತು. 2008ರಲ್ಲಿ ಹೊರಬಂದ 'ಫ್ಲೋಟಿಂಗ್ ಪಾಯಿಂಟ್' ಮತ್ತು 'ಮೈಲ್ಸ್ ಫ್ರಮ್ ಇಂಡಿಯಾ' ಧ್ವನಿಮುದ್ರಿಕೆಗಳೆರಡರಲ್ಲೂ ಅವರ ವಾದನವಿದ್ದು, ಎರಡೂ ಗ್ರ್ಯಾಮಿ ನಾಮನಿರ್ದೇಶನ ಪಡೆದವು. ಪುತ್ರ ಜೀನೋ ಬ್ಯಾಂಕ್ಸ್ ಡ್ರಮ್ಸ್ ವಾದಕರಾಗಿ ಮನೆತನದ ಪರಂಪರೆಯನ್ನು ಮುಂದುವರಿಸಿದ್ದಾರೆ.

ತೆರೆಯ ಹಿಂದೆ ಉಳಿಯುವುದು ವಾದ್ಯಗಾರರ ಪಾಡು. ಗಾಯಕರ ಹೆಸರು ನಾಡಿಗೆಲ್ಲ ಗೊತ್ತು. ಅವರ ಬೆನ್ನಿಗೆ ನಾದ ಕಟ್ಟಿದವರ ಹೆಸರು ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಇರುತ್ತಿರಲಿಲ್ಲ. ಮುಂದಿನ ಸಲ ಜೋಶಿಯವರ ಆ ಭೈರವಿ ಕಿವಿಗೆ ಬಿದ್ದಾಗ, ಬೆಟ್ಟದ ಮಂಜಿನಲ್ಲಿ ಶ್ರುತಿ ಕೂಡಿಸಲು ಕಲಿತ ಹುಡುಗನೊಬ್ಬನ ಪಾಲೂ ಅದರಲ್ಲಿದೆ ಎಂಬುದು ನೆನಪಿಗೆ ಬಂದರೆ ಸಾಕು.