ಹೊಸ ಮನೆ ಕಟ್ಟಿಸುತ್ತಿದ್ದೀರಾ? ಸೋಲಾರ್ ಲೆಕ್ಕ ಶುರುವಾಗಬೇಕಿರುವುದು ತಾರಸಿಯಿಂದಲ್ಲ, ನಕ್ಷೆಯಿಂದ!

ವಾಳೂಜ್ (ಛತ್ರಪತಿ ಸಂಭಾಜಿನಗರ): ಬಜಾಜ್ ಆಟೋ ಸೇರಿದಂತೆ ಹಲವು ಕಾರ್ಖಾನೆಗಳಿರುವ ವಾಳೂಜ್, ಮಹಾರಾಷ್ಟ್ರದ ಪ್ರಮುಖ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಕಾರ್ಖಾನೆಗಳ ಜೊತೆಗೆ ಬಡಾವಣೆಗಳೂ ಬೆಳೆದಿದ್ದು, ಸಿಡ್ಕೋ ಸಂಸ್ಥೆ ಇಲ್ಲಿ ವಾಳೂಜ್ ಮಹಾನಗರ ಎಂಬ ಹೊಸ ಪಟ್ಟಣವನ್ನೇ ರೂಪಿಸಿದೆ. ಏಪ್ರಿಲ್-ಮೇ ಬಂತೆಂದರೆ ಮರಾಠವಾಡದ ಈ ಭಾಗದಲ್ಲಿ ತಾಪಮಾನ 40 ಡಿಗ್ರಿ ಆಸುಪಾಸಿಗೆ ಏರುತ್ತದೆ. ಸಾಲ ಮಾಡಿ ಮನೆ ಕಟ್ಟಿದವರಿಗೆ ಇಎಂಐ ಒಂದು ಕಡೆಯಾದರೆ, ಫ್ಯಾನ್, ಕೂಲರ್, ಎಸಿಯ ಕರೆಂಟ್ ಬಿಲ್ ಇನ್ನೊಂದು ಕಂತು ಇದ್ದಂತೆ. ಬೀದರ್, ಕಲಬುರಗಿ, ರಾಯಚೂರಿನ ಓದುಗರಿಗೂ ಈ ಬಿಸಿಲು ಹೊಸದಲ್ಲ.

ಇದಕ್ಕೆ ಪರಿಹಾರವಾಗಿ ಹಲವರು ಮನೆ ಕಟ್ಟಿ ಮುಗಿದ ಮೇಲೆ ಸೋಲಾರ್ ಬಗ್ಗೆ ವಿಚಾರಿಸುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಏಕೆ? ಇಲ್ಲಿದೆ ವಿವರ.

ಮೊದಲು ಬಿಸಿ ತಡೆಯಿರಿ

ಒಂದಂತಸ್ತಿನ ಮನೆಗೆ ಅತಿ ಹೆಚ್ಚು ಬಿಸಿಲು ಬೀಳುವುದು ತಾರಸಿಗೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿಇಇ) 2018ರಲ್ಲಿ ಹೊರತಂದ 'ಇಕೋ ನಿವಾಸ್ ಸಂಹಿತಾ' ಇದಕ್ಕೆ ಮಿತಿ ಹಾಕಿದೆ. ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದಾಗ, ತಾರಸಿಯ ಪ್ರತಿ ಚದರ ಮೀಟರ್ ಮೂಲಕ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರೀ ಆರ್‌ಸಿಸಿ ತಾರಸಿ ಇದರ ಎರಡು ಪಟ್ಟಿಗಿಂತಲೂ ಹೆಚ್ಚು ಶಾಖವನ್ನು ಒಳಬಿಡುತ್ತದೆ. ತಾರಸಿಯ ಮೇಲೆ ಶಾಖ ತಡೆಯುವ ಪದರ, ಅದರ ಮೇಲೆ ಬಿಳಿ ಟೈಲ್ಸ್ ಅಥವಾ ಬಿಳಿ ಲೇಪನ, ಪಶ್ಚಿಮದ ಗೋಡೆಗೆ ನೆರಳು, ಕಿಟಕಿಗಳಿಗೆ ಅಗಲವಾದ ಸಜ್ಜಾ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲು ದಾರಿ. ಇವೆಲ್ಲ ನಕ್ಷೆಯ ಹಂತದಲ್ಲೇ ತೀರ್ಮಾನವಾಗಬೇಕು.

ಉಳಿಸಿದ ಯೂನಿಟ್ ಎಂದರೆ ಕೊಳ್ಳಬೇಕಿಲ್ಲದ ಪ್ಯಾನೆಲ್

ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಬಳಸಿದರೆ, ಬಿಎಲ್‌ಡಿಸಿ ಫ್ಯಾನ್‌ಗೆ 30 ವ್ಯಾಟ್ ಆಸುಪಾಸು ಸಾಕು. ನಾಲ್ಕು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ಉಳಿತಾಯ ಸುಮಾರು 2 ಯೂನಿಟ್, ಅಂದರೆ ತಿಂಗಳಿಗೆ 60 ಯೂನಿಟ್‌ಗೂ ಹೆಚ್ಚು. ಇಷ್ಟು ವಿದ್ಯುತ್ ಉತ್ಪಾದಿಸಲು ಅರ್ಧ ಕಿಲೋವ್ಯಾಟ್ ಪ್ಯಾನೆಲ್ ಬೇಕು. ಹಾಗಾಗಿ ಮೊದಲು ಬಳಕೆ ಇಳಿಸಿ, ಆಮೇಲೆ ಎಷ್ಟು ಕಿಲೋವ್ಯಾಟ್ ಬೇಕೆಂದು ಲೆಕ್ಕ ಹಾಕುವುದು ಲಾಭದಾಯಕ.

ನೀರಿನ ಟ್ಯಾಂಕ್ ಎಲ್ಲಿಡಬೇಕು?

1 ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. 20x30 ಅಡಿ ನಿವೇಶನದಲ್ಲಿ 3 ಕಿಲೋವ್ಯಾಟ್ ಹಾಕಲು ಅರ್ಧಕ್ಕೂ ಹೆಚ್ಚು ತಾರಸಿ ಮೀಸಲಿಡಬೇಕಾಗುತ್ತದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ನಮ್ಮಲ್ಲಿ ವಾಸ್ತು ನೋಡಿ ಟ್ಯಾಂಕನ್ನು ನೈಋತ್ಯದಲ್ಲಿ ಇಡುವುದು ರೂಢಿ. ಆದರೆ ಚಳಿಗಾಲದ ಮಧ್ಯಾಹ್ನ ಅದರ ನೆರಳು ಪ್ಯಾನೆಲ್ ಮೇಲೆಯೇ ಬೀಳುತ್ತದೆ. ಪ್ಯಾನೆಲ್‌ಗಳನ್ನು ಸರಣಿಯಾಗಿ ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೆ ಉಳಿದವುಗಳ ಉತ್ಪಾದನೆಯೂ ಕುಗ್ಗುತ್ತದೆ. ಟ್ಯಾಂಕ್ ಮತ್ತು ಮೆಟ್ಟಿಲ ಕೋಣೆ ಉತ್ತರಕ್ಕಿದ್ದರೆ ಒಳ್ಳೆಯದು. ಅದಾಗದಿದ್ದರೆ ಪ್ಯಾನೆಲ್ ಚೌಕಟ್ಟನ್ನು ಟ್ಯಾಂಕ್‌ಗಿಂತ ಎತ್ತರದಲ್ಲಿ ನಿಲ್ಲಿಸಬೇಕು. ಇದರ ತೂಕ ಮತ್ತು ಗಾಳಿಯ ಹೊಡೆತವನ್ನು ಎಂಜಿನಿಯರ್‌ಗೆ ಮೊದಲೇ ತಿಳಿಸಿ. ವೈರ್ ಇಳಿಸಲು ಪೈಪ್, ಇನ್ವರ್ಟರ್‌ಗೆ ನೆರಳಿನ ಗೋಡೆ, ಪ್ಯಾನೆಲ್ ತೊಳೆಯಲು ನಲ್ಲಿ, ಇವನ್ನೂ ಆಗಲೇ ಮಾಡಿಸಿಕೊಂಡರೆ ಮುಂದೆ ಗೋಡೆ ಒಡೆಯುವುದು ತಪ್ಪುತ್ತದೆ.

ಸಬ್ಸಿಡಿ ಎಷ್ಟು?

2024ರ ಫೆಬ್ರವರಿಯಲ್ಲಿ ಆರಂಭವಾದ 'ಪಿಎಂ ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ'ಯಡಿ 1 ಕಿಲೋವ್ಯಾಟ್‌ಗೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ., 3 ಕಿಲೋವ್ಯಾಟ್ ಹಾಗೂ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂ. ಕೇಂದ್ರ ಸಬ್ಸಿಡಿ ನಿಗದಿಯಾಗಿದೆ. ಪ್ಯಾನೆಲ್ ದೇಶೀಯವಾಗಿರಬೇಕು, ನೋಂದಾಯಿತ ಏಜೆನ್ಸಿಯಿಂದಲೇ ಅಳವಡಿಸಬೇಕು. ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಸಲ್ಲಿಸಬೇಕು.

ಇಲ್ಲೊಂದು ಗೊಂದಲವಿದೆ. '300 ಯೂನಿಟ್ ಉಚಿತ' ಎಂದರೆ ಸರ್ಕಾರ ಅಷ್ಟು ಕರೆಂಟ್ ಕೊಡುತ್ತದೆ ಎಂದಲ್ಲ. ಅದು ನಿಮ್ಮದೇ ತಾರಸಿಯಲ್ಲಿ ಉತ್ಪಾದನೆಯಾಗುವ ವಿದ್ಯುತ್. 1 ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ, ಮಳೆಗಾಲದಲ್ಲಿ ಕಡಿಮೆ. ಹೆಚ್ಚುವರಿ ವಿದ್ಯುತ್ ನೆಟ್ ಮೀಟರ್ ಮೂಲಕ ಗ್ರಿಡ್‌ಗೆ ಹೋಗಿ ಬಿಲ್‌ನಲ್ಲಿ ಜಮೆಯಾಗುತ್ತದೆ.

ಕರೆಂಟ್ ಹೋದರೆ ಸೋಲಾರ್ ಇರುತ್ತಾ?

ಇರುವುದಿಲ್ಲ! ಲೈನ್ ರಿಪೇರಿ ಮಾಡುವ ಸಿಬ್ಬಂದಿಗೆ ಶಾಕ್ ತಗುಲಬಾರದೆಂದು, ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ವಿದ್ಯುತ್ ಕಡಿತವಾದ ಕೂಡಲೇ ತಾನೂ ನಿಲ್ಲುತ್ತದೆ. ಆಗಲೂ ವಿದ್ಯುತ್ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅದರ ಖರ್ಚು ಪ್ರತ್ಯೇಕ.

ಕರ್ನಾಟಕದಲ್ಲಿ ಲೆಕ್ಕ ಬೇರೆ

ರಾಜ್ಯದಲ್ಲಿ ಗೃಹಜ್ಯೋತಿಯಡಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಪಡೆಯುವ ಕುಟುಂಬಕ್ಕೆ ಸೋಲಾರ್ ಹಣ ವಾಪಸ್ ಬರುವುದು ನಿಧಾನ. ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಎಸಿ ಹಾಕಿದ ಮನೆ ಈ ಗಡಿ ದಾಟುವುದು ಸುಲಭ. ತಂಪಾದ ತಾರಸಿ ಮಾತ್ರ ಎರಡೂ ಕಡೆ ಲಾಭವೇ. ಅದಕ್ಕೆ ಅರ್ಜಿಯೂ ಬೇಡ, ಮೀಟರೂ ಬೇಡ. ಆದ್ದರಿಂದ ಪಾಯ ತೆಗೆಯುವ ಮುನ್ನವೇ ನಕ್ಷೆಯಲ್ಲಿ ಟ್ಯಾಂಕ್, ಮೆಟ್ಟಿಲು, ಪ್ಯಾನೆಲ್ ಮೂರಕ್ಕೂ ಜಾಗ ಗುರುತಿಸಿಕೊಳ್ಳಿ.