ಬಿಸ್ಮಿಲ್ಲಾ ಹೇಳಿ ಶುರುವಾದ ರ‍್ಯಾಪ್

ಆ ಸಿಡಿ ತಂದದ್ದು ದಮ್ಮಾಮ್‌ನಿಂದ ರಜೆಗೆ ಬಂದಿದ್ದ ಮಾಮ. ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಮಂಡ್ಯದ ಹೊಳಲಿಗೆ ಬಂದು ನೆಲೆಸಿದ ಕುಟುಂಬ ನಮ್ಮದು. ನಾವು ಅಣ್ಣ ತಮ್ಮಂದಿರು ಸಿಡಿ ಹಾಕಿದ್ದೇ ತಡ, ‘ಮಗ್ರಿಬ್ ಹೊತ್ತಲ್ಲಿ ಎಂಥ ಗಲಾಟೆ ಇದು?’ ಎನ್ನುತ್ತಾ ಉಮ್ಮ ಅಡುಗೆ ಮನೆಯಿಂದ ಬಂದರು. ಆಫ್ ಮಾಡಲು ಕೈ ಚಾಚಿದವರು ಹಾಗೇ ನಿಂತುಬಿಟ್ಟರು. ಹಾಡುಗಾರನ ಮೊದಲ ಮಾತೇ ಬಿಸ್ಮಿ! ‘ಇವನು ನಮ್ಮವನಾ?’ ಎಂದು ಕೇಳಿದರು.

ಹೌದು, ನಮ್ಮವನೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮೋಸ್ ಡೆಫ್. 19ನೇ ವಯಸ್ಸಿನಲ್ಲಿ ಶಹಾದತ್ ಹೇಳಿದವರು. ಈಗ ಯಾಸೀನ್ ಬೇ ಎಂಬ ಹೆಸರಿನಲ್ಲಿದ್ದಾರೆ. 1998ರಲ್ಲಿ ಗೆಳೆಯ ತಾಲಿಬ್ ಕ್ವೆಲಿ ಜೊತೆ ‘ಬ್ಲ್ಯಾಕ್ ಸ್ಟಾರ್’ ಆಲ್ಬಂ ಮಾಡಿದ್ದರು. ಮರುವರ್ಷ ಅಕ್ಟೋಬರ್ 12ರಂದು ಬಂದ ‘ಬ್ಲ್ಯಾಕ್ ಆನ್ ಬೋತ್ ಸೈಡ್ಸ್’ ಅವರೊಬ್ಬರದೇ ಮೊದಲ ಆಲ್ಬಂ. 25 ವರ್ಷ ದಾಟಿದರೂ ನಮ್ಮ ಮಟ್ಟಿಗೆ ಅದು ಹಳತಾಗಿಲ್ಲ.

ಆಗ ರ‍್ಯಾಪ್ ಅಂದರೆ ದುಡ್ಡು, ಕಾರು, ಬಂದೂಕು ಎಂಬ ಮಾತಿತ್ತು. ಈ 17 ಹಾಡುಗಳ ದಾರಿ ಬೇರೆ. ‘ಮ್ಯಾಥಮ್ಯಾಟಿಕ್ಸ್’ ಹಾಡು ಕಪ್ಪು ಜನರ ಬಡತನ ಮತ್ತು ಜೈಲುವಾಸವನ್ನು ಅಂಕಿಗಳಲ್ಲೇ ಲೆಕ್ಕ ಹಾಕುತ್ತದೆ. ‘ಉಮಿ ಸೇಸ್’ ಹಾಡಿನ ಉಮಿ ಅಂದರೆ ತಾಯಿ. ಅರಬಿಯ ಉಮ್ಮಿ, ಬ್ಯಾರಿ ಮನೆಯ ಉಮ್ಮ! ತಾಯಿ, ತಂದೆ, ಅಜ್ಜ ಹೇಳಿದ ಬುದ್ಧಿಮಾತುಗಳೇ ಆ ಹಾಡು. ಅರ್ಥ ಹೇಳಿದಾಗ ನಮ್ಮ ಉಮ್ಮ ನಕ್ಕು, ‘ಅವನಾದರೂ ಕೇಳಿದ್ದಾನಲ್ಲ’ ಅಂದರು.

ಮಂಡ್ಯದಲ್ಲಿದ್ದ ನಮಗೆ ಹೆಚ್ಚು ತಟ್ಟಿದ್ದು ‘ನ್ಯೂ ವರ್ಲ್ಡ್ ವಾಟರ್’. ನೀರು ಮಲಿನವಾಗುವುದು, ಮಾರಾಟದ ಸರಕಾಗುವುದು, ಬಡವನಿಗೆ ಸಿಗದೆ ಹೋಗುವುದು ಅದರ ವಿಷಯ. ಕೆಆರ್‌ಎಸ್ ತುಂಬಿತೇ, ವಿಶ್ವೇಶ್ವರಯ್ಯ ನಾಲೆಗೆ ಯಾವಾಗ ನೀರು, ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ಎಂದು ಕೇಳುತ್ತಲೇ ಬೆಳೆದವರು ನಾವು. ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತರ ಚಿಂತೆ ಈ ಕಡೆ ಯಾರಿಗೆ ಗೊತ್ತಿಲ್ಲ? ಬ್ರೂಕ್ಲಿನ್‌ನವನೊಬ್ಬ ನೀರಿನ ಮೇಲೆ ಹಾಡು ಕಟ್ಟಿದ್ದಾನೆಂದರೆ ನಂಬಲಾಗಲಿಲ್ಲ. ವುಝೂ ಮಾಡುವಾಗಲೂ ನೀರು ಪೋಲು ಮಾಡಬೇಡಿ ಎಂದು ಮದ್ರಸದಲ್ಲಿ ಉಸ್ತಾದ್ ಹೇಳುತ್ತಿದ್ದ ಮಾತು ನೆನಪಾಯಿತು.

ಎಲ್ಲವೂ ಮನೆಮಂದಿಯೆಲ್ಲ ಕೂತು ಕೇಳುವಂಥದ್ದು ಎಂದು ನಾವು ಹೇಳುವುದಿಲ್ಲ. ಒರಟು ಮಾತುಗಳಿವೆ, ಕವರ್ ಮೇಲೆ ಪೋಷಕರಿಗೆ ಎಚ್ಚರಿಕೆಯ ಚೀಟಿಯೇ ಇದೆ. ಉಮ್ಮನ ಮುಂದೆ ಕೆಲವು ಹಾಡು ನಾವೂ ದಾಟಿಸಿದ್ದೇವೆ. ಸಂಗೀತ ಸರಿಯೋ ತಪ್ಪೋ ಎಂಬುದರಲ್ಲಿ ಉಲಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ಆ ತೀರ್ಪು ಕೊಡಲು ನಾವು ಯಾರು?

ಆದರೆ ಈಗ ನಮ್ಮ ಮಕ್ಕಳ ಕಿವಿಯಲ್ಲಿ ಇಯರ್‌ಫೋನ್ ಇದೆ. ಅವರು ಏನು ಕೇಳುತ್ತಿದ್ದಾರೆಂದು ಪಕ್ಕದಲ್ಲೇ ಕೂತ ನಮಗೆ ಗೊತ್ತಿಲ್ಲ. ‘ತೆಗಿಯೋ ಅದನ್ನ’ ಎನ್ನುವುದು ಸುಲಭ. ಅಂದು ಉಮ್ಮ ಆಫ್ ಮಾಡಿದ್ದರೆ ನಾವು ಬೇರೆ ಕೋಣೆಯಲ್ಲಿ ಕದ್ದು ಕೇಳುತ್ತಿದ್ದೆವು, ಅಷ್ಟೇ. ಅವರು ನಿಂತು ಅರ್ಥ ಕೇಳಿದ್ದರಿಂದ ಒಳ್ಳೆಯದು ಯಾವುದು, ಬಿಡಬೇಕಾದದ್ದು ಯಾವುದು ಎಂಬ ಮಾತು ಮನೆಯಲ್ಲೇ ಆಯಿತು.

ಮೊನ್ನೆ ಮಗನ ಹತ್ತಿರ ಹೋಗಿ, ‘ಒಂದು ಕಿವಿಯದ್ದು ಇತ್ತ ಕೊಡು’ ಅಂದೆವು. ಕೊಟ್ಟ.